ಆಲಿವ್ ಎಣ್ಣೆ ಮತ್ತು ನಮ್ಮ ಒಗ್ಗರಣೆ

ಮಲ್ಕಾಜ್‌ಗಿರಿಯ ಕನ್ನಡ ಮನೆಗಳ ಅಡಿಗೆ ಒಂದೇ ಬಗೆಯದಲ್ಲ. ಕಲಬುರಗಿ, ಬೀದರ, ರಾಯಚೂರುಗಳ ಕಡೆಯವರು ಶೇಂಗಾ ಮತ್ತು ಕುಸುಬೆ ಎಣ್ಣೆಗಳ ರುಚಿಯನ್ನು ಬಲ್ಲವರು. ಕರಾವಳಿಯವರಿಗೆ ತೆಂಗಿನೆಣ್ಣೆಯಿಲ್ಲದೆ ಅಡಿಗೆ ಪೂರ್ಣವಾಗದು. ಈಚಿನ ವರ್ಷಗಳಲ್ಲಿ ಇವುಗಳ ಪಕ್ಕದಲ್ಲಿ ಆಲಿವ್ ಎಣ್ಣೆಯ ಸೀಸೆಯೂ ಬಂದು ನಿಂತಿದೆ. ಹೃದಯಕ್ಕೆ ಹಿತವೆಂಬ ಖ್ಯಾತಿ ಪಡೆದ ಈ ದುಬಾರಿ ಎಣ್ಣೆಗೆ ನಮ್ಮ ದಿನನಿತ್ಯದ ಅಡಿಗೆಯಲ್ಲಿ ಯಾವ ಸ್ಥಾನ ಸಲ್ಲಬೇಕೆಂಬುದು ವಿಚಾರಾರ್ಹ.

ಈ ಖ್ಯಾತಿ ನಿರಾಧಾರವಾದುದಲ್ಲ. ಆಲಿವ್ ಎಣ್ಣೆಯಲ್ಲಿ ರಕ್ತನಾಳಗಳಿಗೆ ಹಿತಕರವಾದ ಒಲೀಕ್ ಆಮ್ಲವೇ ಅಧಿಕ. ಹೃದ್ರೋಗದ ಸಂಭವ ಹೆಚ್ಚಾಗಿದ್ದ ಸುಮಾರು 7,400 ಮಂದಿಯ ಮೇಲೆ ಸ್ಪೇನ್ ದೇಶದಲ್ಲಿ ನಡೆದು, 2013ರಲ್ಲಿಯೂ ಪರಿಷ್ಕೃತವಾಗಿ 2018ರಲ್ಲಿಯೂ ಪ್ರಕಟವಾದ ಅಧ್ಯಯನದಲ್ಲಿ, ಈ ಎಣ್ಣೆಯನ್ನು ಬಳಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಆಪತ್ತುಗಳು ಒಟ್ಟಾರೆ ಕಡಿಮೆಯಾಗಿದ್ದುವು. ಆದರೆ ಅವರು ಅದನ್ನು ತರಕಾರಿ, ಹಣ್ಣು, ಬೇಳೆಕಾಳುಗಳು ಹೇರಳವಾಗಿರುವ ಊಟದೊಡನೆ ಸೇವಿಸಿದ್ದರೆಂಬುದನ್ನು ಮರೆಯಲಾಗದು. ಹಪ್ಪಳ, ಬೋಂಡಗಳನ್ನು ಆಲಿವ್ ಎಣ್ಣೆಯಲ್ಲಿ ಕರಿದಮಾತ್ರಕ್ಕೆ ಆ ಫಲ ದೊರೆಯಲಾರದು.

ಕೊಳ್ಳುವಾಗ ಸೀಸೆಯ ಮೇಲಿನ ಬರಹವನ್ನು ಗಮನಿಸಬೇಕು. ‘ಎಕ್ಸ್‌ಟ್ರಾ ವರ್ಜಿನ್’ ಎಂಬುದು ಹಣ್ಣನ್ನು ಅರೆದು, ರಾಸಾಯನಿಕಗಳಿಲ್ಲದೆ ತೆಗೆದ ಎಣ್ಣೆ. ‘ಪೋಮೇಸ್’ ಎಂಬುದು ಉಳಿದ ಹಿಂಡಿಯಿಂದ ದ್ರಾವಕಗಳ ಸಹಾಯದಿಂದ ತೆಗೆದು ಶುದ್ಧೀಕರಿಸಿದ್ದು. ‘ಲೈಟ್’ ಎಂಬ ಮಾತು ಬಣ್ಣ ಮತ್ತು ರುಚಿಗಳಿಗೆ ಮಾತ್ರ ಅನ್ವಯಿಸುತ್ತದೆ. ಯಾವ ಎಣ್ಣೆಯಾದರೂ ಗ್ರಾಮಿಗೆ 9 ಕ್ಯಾಲೊರಿಗಳೇ.

ಮೊದಲ ಬಗೆಯ ಎಣ್ಣೆ ಹದವಾದ ಉರಿಯ ಪಲ್ಯ, ಒಗ್ಗರಣೆಗಳನ್ನು ತಾಳಿಕೊಳ್ಳುತ್ತದೆ. ಆದರೆ ಹೆಚ್ಚು ಕಾಯಿಸಿದಾಗ ಅದರ ಪರಿಮಳವೂ ಕೆಲವು ಸತ್ವಗಳೂ ನಷ್ಟವಾಗುತ್ತವೆ. ಜೋಳದ ರೊಟ್ಟಿಯೊಡನೆ ಚಟ್ನಿಪುಡಿಗೆ ಕುಸುಬೆಯ ಹಸಿ ಎಣ್ಣೆ ಹಾಕಿಕೊಳ್ಳುವುದು ಉತ್ತರ ಕರ್ನಾಟಕದ ಪದ್ಧತಿ. ಮೆಡಿಟರೇನಿಯನ್ ತೀರದವರೂ ಹೀಗೆಯೇ ಆಲಿವ್ ಎಣ್ಣೆಯನ್ನು ರೊಟ್ಟಿಗೂ ಹಸಿ ತರಕಾರಿಗೂ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಕೋಸಂಬರಿ, ಚಟ್ನಿಪುಡಿಗಳಿಗೆ ಅದು ಒಪ್ಪುತ್ತದೆ.

ಎಣ್ಣೆ ಯಾವುದೆಂಬುದಕ್ಕಿಂತ ಎಷ್ಟೆಂಬ ಪ್ರಶ್ನೆ ಮುಖ್ಯವಾದುದು. ಇದಕ್ಕೆ ಉತ್ತರ ಮಲ್ಕಾಜ್‌ಗಿರಿಗೆ ಅನತಿದೂರದ ತಾರ್ನಾಕಾದಲ್ಲೇ ದೊರೆಯುತ್ತದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆ, ತನ್ನ 2024ರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿಗಳ ಆಹಾರಕ್ಕೆ 27 ಗ್ರಾಂ ಎಣ್ಣೆ ಹಾಗೂ ಕೊಬ್ಬನ್ನು ಸೂಚಿಸಿದೆ. ಇದು ಸುಮಾರು ಆರು ಟೀ ಚಮಚೆಗಳಷ್ಟು. ನಾಲ್ವರು ವಯಸ್ಕರ ಮನೆಗೆ ಮೂವತ್ತು ದಿನಗಳಿಗೆ 3 ಕಿಲೋ 240 ಗ್ರಾಂ, ಅಂದರೆ ಸುಮಾರು ಮೂರೂವರೆ ಲೀಟರು. ತುಪ್ಪ, ಬೆಣ್ಣೆಗಳೂ ಈ ಲೆಕ್ಕದೊಳಗೇ ಬರಬೇಕು. ತಿಂಗಳ ದಿನಸಿ ಚೀಟಿಯೊಡನೆ ಈ ಅಂಕಿಯನ್ನು ಹೋಲಿಸಿ ನೋಡಿದರೆ ಮನೆಯ ಸ್ಥಿತಿ ತಿಳಿದೀತು.

ಒಂದೇ ಎಣ್ಣೆಯನ್ನು ನೆಚ್ಚದೆ ಬದಲಿಸಿ ಬಳಸಬೇಕೆಂಬುದೂ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದೆಂಬುದೂ ಅದೇ ಸಂಸ್ಥೆಯ ಸಲಹೆ. ಶೇಂಗಾ ಎಣ್ಣೆಯಲ್ಲಿಯೂ ಒಲೀಕ್ ಆಮ್ಲ ಗಣನೀಯವಾಗಿದೆ. ಅಗಸೆಯ ಚಟ್ನಿಪುಡಿಯಲ್ಲಿ ಆಲಿವ್ ಎಣ್ಣೆಯಲ್ಲಿ ಅತ್ಯಲ್ಪವಾಗಿರುವ ಒಮೇಗಾ-3 ಸಮೃದ್ಧವಾಗಿದೆ. ಆದ್ದರಿಂದ ಅನುಕೂಲವುಳ್ಳವರು ಆಲಿವ್ ಎಣ್ಣೆಯನ್ನು ಹಿತಮಿತವಾಗಿ ಬಳಸಲಿ. ಇಲ್ಲದವರು ಮನೆಯ ಹಿರಿಯರ ಹೃದಯಕ್ಕೆ ಕೊರತೆ ಮಾಡಿದೆವೆಂದು ಕೊರಗಬೇಕಾಗಿಲ್ಲ. ಹೃದ್ರೋಗಿಗಳು ಎಣ್ಣೆ ಬದಲಿಸಿದೆವೆಂಬ ಧೈರ್ಯದಿಂದ ಔಷಧಿಯನ್ನು ಮಾತ್ರ ನಿಲ್ಲಿಸಕೂಡದು. ಅಳತೆಯ ಚಮಚೆಯೊಂದು ಎಣ್ಣೆಯ ಡಬ್ಬಿಯ ಪಕ್ಕದಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ.