ಊರು ಕೂರುವ ಹಾಸಿನಲ್ಲೇ ಮೊದಲ ಬೋಣಿಗೆ

ಜಮಖಾನೆ, ಗಾಲೀಚೆ ತೊಳೆದುಕೊಡುವ ಕಸುಬನ್ನು ಗದಗ ಸೀಮೆಯಲ್ಲಿ ಹೊಸದಾಗಿ ಹಿಡಿಯುವವರಿಗೆ ಮೊದಲ ಗಿರಾಕಿಗಳು ಎಲ್ಲಿದ್ದಾರೆ?

ಗದಗ ಸೀಮೆಯವರು ಇವತ್ತಿಗೂ ನೆಲದ ಮೇಲೆ ಒಟ್ಟಾಗಿ ಕೂರುವ ಜನ. ಮಠದಲ್ಲಿ ಪ್ರವಚನ, ಮಸೀದಿಯಲ್ಲಿ ನಮಾಜು, ಮಂಟಪದಲ್ಲಿ ಅಕ್ಷತೆ, ಗುಡಿಯಲ್ಲಿ ಭಜನೆ, ಪುಣ್ಯಾಶ್ರಮದಲ್ಲಿ ಸಂಗೀತ, ಯಾವುದೇ ಇರಲಿ, ಜನ ಬರುವ ಮುಂಚೆ ಯಾರೋ ಒಬ್ಬರು ಜಮಖಾನೆ ಬಿಚ್ಚಿ ಹಾಸಿರುತ್ತಾರೆ. ಕಾರ್ಯ ಮುಗಿದ ಮೇಲೆ ಅದನ್ನು ಸುತ್ತಿ ಮೂಲೆಗೆ ನಿಲ್ಲಿಸುತ್ತಾರೆ. ನೂರಾರು ಕಾಲಿನ ದೂಳು ಸುರುಳಿಯೊಳಗೇ ಉಳಿದು ಮುಂದಿನ ಕಾರ್ಯಕ್ಕೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಆ ದೂಳು ತೆಗೆದುಕೊಡುವುದು ಮರ್ಯಾದೆಯಿಂದ ಹೊಟ್ಟೆ ಹೊರೆಯಬಹುದಾದ ಕಸುಬು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವು ಒಂದೇ ಗಾಡಿ ಒಂದು ದಿನದಲ್ಲಿ ಸುತ್ತಿ ಬರಬಹುದಾದ ಊರುಗಳು. ಇಲ್ಲಿ ಈ ಕೆಲಸ ಆರಂಭಿಸುವ ತರುಣರು ಮೊದಲು ಮನೆಮನೆಗೆ ಚೀಟಿ ಹಂಚಲು ಹೊರಡುತ್ತಾರೆ. ನನ್ನ ಮಾತು ಬೇರೆ: ಊರೆಲ್ಲ ಸೇರಿ ಕೂರುವ ಹಾಸನ್ನು ಮೊದಲು ತೊಳೆಯಿರಿ. ಅದರ ಮೇಲೆ ಕೂತು ಎದ್ದವರೇ ನಿಮ್ಮನ್ನು ತಮ್ಮ ಮನೆಗೆ ಕರೆಯುತ್ತಾರೆ.

ಈ ನೆಲದ ಹಾಸುಗಳು

ಯಾವ ಮಾಲು ಕೈಗೆ ಬರುತ್ತದೆ ಎನ್ನುವುದನ್ನು ಮೊದಲು ತಿಳಿದಿರಬೇಕು. ಪಕ್ಕದ ಧಾರವಾಡ ಜಿಲ್ಲೆಯ ನವಲಗುಂದ ಜಮಖಾನೆಯ ತವರು. ಬಿಜಾಪುರದ ಆದಿಲಶಾಹಿ ಕಾಲದ ನೇಕಾರರು ಅಲ್ಲಿಗೆ ಬಂದು ನೆಲೆಸಿದರು ಎಂಬುದು ಹಿಂದಿನಿಂದ ಬಂದ ಮಾತು. ಅಲ್ಲಿ ನೇಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಂತ ಮಗ್ಗದ ಮುಂದೆ ಕೂತು, ಪಂಜಾ ಎಂಬ ಕಬ್ಬಿಣದ ಹಣಿಗೆಯಿಂದ ಹತ್ತಿ ನೂಲನ್ನು ಬಡಿದು ಕೂಡಿಸಿ, ನವಿಲು, ಪಗಡೆಹಾಸುಗಳ ಚಿತ್ತಾರ ಎಬ್ಬಿಸುತ್ತಾರೆ. ಜಮಖಾನೆಯ ಜೊತೆಗೆ ನಮಾಜಿನ ಜಾನಮಾಜೂ ದಪ್ಪ ಗುಡಾರವೂ ಅಲ್ಲಿ ಆಗುತ್ತವೆ. 2011ರಲ್ಲಿ ಈ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿತು.

ಎರಡನೆಯದು ಕುರುಬರ ಕಂಬಳಿ. ದಖ್ಖನಿ ಕುರಿಯ ಉಣ್ಣೆಯ ಎಳೆಗೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದದ್ದು. ಮೊದಲೆರಡು ನೀರಿಗೆ ಗಂಜಿ ಬಿಟ್ಟು ಕಂಬಳಿ ಮೆತ್ತಗಾಗುತ್ತದೆ. ಆದರೆ ಬಿಸಿನೀರು ಹಾಕಿ ತಿಕ್ಕಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ. ಮೂರನೆಯದು ಮಂಟಪ, ಶಾಮಿಯಾನಾದವರು ಹಾಸುವ ಕೆಂಪು, ಹಸಿರು ಕಾರ್ಪೆಟ್ಟು. ಅದು ನೇಯ್ದದ್ದಲ್ಲ, ಕೃತಕ ಎಳೆಗಳನ್ನು ಒತ್ತಿ ಮಾಡಿದ್ದು. ಇವುಗಳ ಜೊತೆಗೆ ಮನೆಯ ಕೌದಿ, ಸೋಫಾ, ಕಾರಿನ ಸೀಟು. ಎಲ್ಲಕ್ಕೂ ಒಂದೇ ಪುಡಿ, ಒಂದೇ ಬ್ರಷ್ಷು ಎನ್ನುವವನ ಅಂಗಡಿ ಹೆಚ್ಚು ದಿನ ನಡೆಯದು.

ಹೊಳೆ ದೂರ, ನಳ ಅಪರೂಪ

ಮಾನೌಮಿ ಬಂತೆಂದರೆ ನಮ್ಮ ಕಡೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಗಂಟು ಕಟ್ಟಿ ನೀರಿದ್ದಲ್ಲಿಗೆ ಒಯ್ಯುವುದು ರೂಢಿ. ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯವರಿಗೆ ಹೊಳೆಯೇ ಇದೆ. ಗದಗ-ಬೆಟಗೇರಿಯವರಿಗೆ ಆ ಭಾಗ್ಯವಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. ಬೇಸಿಗೆಯಲ್ಲಿ ನಳದ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ಕುಡಿಯಲು ತುಂಬಿಟ್ಟ ನೀರಿನಲ್ಲಿ ಜಮಖಾನೆ ತೊಳೆಯಲು ಯಾವ ತಾಯಿಗೂ ಮನಸ್ಸು ಬಾರದು. ನೀರು ಕುಡಿದ ಜಮಖಾನೆಯನ್ನು ಎತ್ತಲು ನಾಲ್ಕು ಕೈ ಬೇಕು, ಒಣಗಿಸಲು ಮಾಳಿಗೆ ಬೇಕು. ಮನೆ ಮನೆಯಲ್ಲಿ ಸುತ್ತಿಟ್ಟ ಜಮಖಾನೆ ಹಾಗೇ ಉಳಿದಿರುವುದಕ್ಕೆ ಕಾರಣ ಇದು, ಸೋಮಾರಿತನವಲ್ಲ. ಹೊಸ ಕಸುಬಿನವನು ಮಾರುತ್ತಿರುವುದು ಈ ಕಷ್ಟದ ಪರಿಹಾರವನ್ನು.

ಹಿಂದೆ ಈ ಭಾರವನ್ನು ಮಡಿವಾಳರು ಹೊರುತ್ತಿದ್ದರು. ಅವರಿಗೆ ಗೊತ್ತುಮಾಡಿದ ಮನೆಗಳಿದ್ದವು, ಸುಗ್ಗಿಯಲ್ಲಿ ಆಯದ ಕಾಳು ಸಿಗುತ್ತಿತ್ತು. ಗಿರಾಕಿ ಹುಡುಕುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಕೂಲಿ ಕೇಳುವ ಹಕ್ಕೂ ಇರಲಿಲ್ಲ, ಕಸುಬು ಬಿಡುವ ಸ್ವಾತಂತ್ರ್ಯವೂ ಇರಲಿಲ್ಲ. ದೇವರಹಿಪ್ಪರಗಿಯ ಮಡಿವಾಳ ಮಾಚಿದೇವರು 12ನೇ ಶತಮಾನದಲ್ಲೇ ಈ ಕಾಯಕಕ್ಕೆ ಕಲ್ಯಾಣದ ಶರಣರ ನಡುವೆ ಎತ್ತರದ ಸ್ಥಾನ ತಂದುಕೊಟ್ಟರು. ಅವರ ಜಯಂತಿಯನ್ನು ಫೆಬ್ರುವರಿ 1ರಂದು ಆಚರಿಸುವ ನಾವು, ತೊಳೆಯುವ ಕೈಗೆ ಹೊತ್ತಿಗೆ ಸರಿಯಾಗಿ ರೊಕ್ಕ ಕೊಡುವುದನ್ನೂ ಕಲಿಯಬೇಕು. ಹಳೆಯ ಪದ್ಧತಿಯಿಂದ ಉಳಿಸಿಕೊಳ್ಳಬೇಕಾದದ್ದು ಒಂದೇ: ವರ್ಷದುದ್ದಕ್ಕೂ ಮನೆಗೂ ಕಸುಬಿನವನಿಗೂ ಇರುತ್ತಿದ್ದ ನಂಟು.

ಕೆಲಸದ ಮರ್ಮ

ಹಾಸಿನೊಳಗಿನ ಕೊಳೆಯಲ್ಲಿ ಬಹುಪಾಲು ಒಣ ದೂಳೇ ಇರುತ್ತದೆ. ನಮ್ಮ ಎರೆಮಣ್ಣಿನ ಗುಣ ಎಲ್ಲ ರೈತರಿಗೂ ಗೊತ್ತು. ನೀರು ತಾಗಿದರೆ ಉಬ್ಬಿ ಅಂಟಿಕೊಳ್ಳುತ್ತದೆ. ದೂಳಿದ್ದಂತೆಯೇ ನೀರು ಹೊಯ್ದರೆ ಅದು ಜಮಖಾನೆಯ ಎಳೆಯಲ್ಲೇ ಕೆಸರಾಗಿ ಕೂರುತ್ತದೆ. ಹಾಗಾಗಿ ಮೊದಲು ಹಿಂಬದಿಯಿಂದ ಬಡಿದು, ಎರಡೂ ಮೈಯನ್ನು ವ್ಯಾಕ್ಯೂಮ್ ಯಂತ್ರದಿಂದ ಎಳೆಯಬೇಕು. ಕಪ್ಪತಗುಡ್ಡದ ಸುತ್ತಲಿನ ಮಸಾರಿ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದು, ಅದರ ಕೆಂಪು ಕಲೆ ಬೇಗ ಬಿಡುವುದಿಲ್ಲ. ಅದನ್ನು ಪೂರ್ತಿ ಹೋಗಿಸುತ್ತೇನೆ ಎಂದು ಮಾತು ಕೊಡಬಾರದು.

ಆಮೇಲೆ ಬಣ್ಣದ ಪರೀಕ್ಷೆ. ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ಮೇಲೆ ಒತ್ತಿ ಹಿಡಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯುತ್ತದೆ. ಬಿಡುವ ಹಾಸನ್ನು ನೀರಿನಲ್ಲಿ ನೆನೆಸಲೇಬಾರದು. ಈ ವಿಷಯದಲ್ಲಿ ಬೆಟಗೇರಿಯ ನೇಕಾರ ಹಿರಿಯರ ಬುದ್ಧಿವಾದ ಯಾವ ಪುಸ್ತಕಕ್ಕಿಂತ ಹೆಚ್ಚು. ನೂಲು, ಬಣ್ಣ ಎರಡೂ ಅವರ ಬೆರಳಿಗೆ ಗೊತ್ತು. ಉಣ್ಣೆಗೆ ಖಾರವಿಲ್ಲದ ಸಾಬೂನು, ತಣ್ಣೀರು. ಸೋಡಾ ಹತ್ತಿರ ಸುಳಿಯಕೂಡದು. ತೊಳೆದ ಮೇಲೆ ನೀರನ್ನು ಯಂತ್ರದಿಂದ ಹೀರಿ ತೆಗೆದು ಅದೇ ದಿನ ಒಣಗಲು ಹಾಕಬೇಕು. ಒಳಗೆ ಹಸಿ ಉಳಿದರೆ ಮುಗ್ಗಲು ವಾಸನೆ ಬರುತ್ತದೆ, ಕೈಗೆ ಬಂದ ಗಿರಾಕಿ ಅಲ್ಲಿಗೇ ಕೈತಪ್ಪುತ್ತಾನೆ. ಕೊಳೆನೀರನ್ನು ತೊಟ್ಟಿಯಲ್ಲಿ ತಿಳಿಗೊಳಿಸಿ ಚರಂಡಿಗೆ ಬಿಡಬೇಕು. ಕೆರೆಗೆ, ಹಳ್ಳಕ್ಕೆ ಬಿಡುವುದು ತಪ್ಪು.

ಲೆಕ್ಕವೂ ಅದನ್ನೇ ಹೇಳುತ್ತದೆ

ಮನೆಯ ಪಡಸಾಲೆಯ ಜಮಖಾನೆ 6 ಅಡಿ ಅಗಲ, 9 ಅಡಿ ಉದ್ದ ಎಂದುಕೊಳ್ಳಿ. 54 ಚದರ ಅಡಿ ಆಯಿತು. 20 ಅಡಿಗೆ 30 ಅಡಿಯ ಸಭಾಂಗಣದ ಹಾಸು 600 ಚದರ ಅಡಿ. ಹನ್ನೊಂದು ಮನೆಯ ಬಾಗಿಲು ತಟ್ಟಿ ಸಿಗುವಷ್ಟು ಕೆಲಸ ಒಂದೇ ಕಡೆ, ಒಂದೇ ಮಾತಿನಲ್ಲಿ ಸಿಗುತ್ತದೆ. ಜೊತೆಗೆ ಸಾವಿರ ಜನ ಅದನ್ನು ನೋಡುತ್ತಾರೆ.

ಅಂಥ ತಾಣಗಳಿಗೆ ಇಲ್ಲಿ ಬರವಿಲ್ಲ. ಗದಗಿನ ತೋಂಟದಾರ್ಯ ಮಠದಲ್ಲಿ ಸೋಮವಾರದ ಶಿವಾನುಭವ ದಶಕಗಳಿಂದ ನಡೆದು ಬಂದಿದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಮಕ್ಕಳು ನೆಲದ ಮೇಲೆ ಕೂತು ಸ್ವರ ಕಲಿಯುತ್ತಾರೆ. ವೀರನಾರಾಯಣ, ತ್ರಿಕೂಟೇಶ್ವರ ಗುಡಿಗಳನ್ನೂ ಜುಮ್ಮಾ ಮಸೀದಿಯನ್ನೂ ಒಂದೇ ಸಮಿತಿ ನೋಡಿಕೊಳ್ಳುವ ಊರಿದು; ಒಂದು ಕಡೆ ಮಾಡಿದ ಒಳ್ಳೆಯ ಕೆಲಸದ ಮಾತು ಮೂರೂ ಕಡೆ ಮುಟ್ಟುತ್ತದೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಯಿದೆ, 1617ರಲ್ಲಿ ಅಂಕುಶಖಾನ ಕಟ್ಟಿಸಿದ ಮಸೀದಿಯಿದೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠವಿದೆ. ಇವುಗಳ ಹಿರಿಯರನ್ನು ಕಂಡು, ಒಂದು ಹಾಸನ್ನು ಸೇವೆಯೆಂದು ತೊಳೆದುಕೊಡಲು ಅಪ್ಪಣೆ ಕೇಳಬಹುದು. ಕಲ್ಯಾಣ ಮಂಟಪ, ಶಾಮಿಯಾನಾದವರ ಜೊತೆ ವ್ಯವಹಾರವೇ ನೇರ. ಒಂದು ಕಾರ್ಪೆಟ್ಟಿನ ಅರ್ಧವನ್ನಷ್ಟೇ ಅವರ ಕಣ್ಣೆದುರು ತೊಳೆದು ತೋರಿಸಿ. ಉಳಿದ ಅರ್ಧವನ್ನು ಅವರೇ ತೊಳೆಸುತ್ತಾರೆ.

ಈ ದಾರಿ ಹಿಡಿದು ಗೆದ್ದ ದೊಡ್ಡ ಉದಾಹರಣೆ ಲಂಡನ್ನಿನದು. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ದೂಳು ಹೀರುವ ಯಂತ್ರ ಕಟ್ಟಿದ. ಅದು ಕುದುರೆ ಎಳೆಯುವಷ್ಟು ದೊಡ್ಡದು. ಯಂತ್ರವನ್ನು ಮಾರುವ ಬದಲು ಮನೆ ಮುಂದೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ಉದ್ದನೆಯ ಕೊಳವೆ ಬಿಟ್ಟು ಸ್ವಚ್ಛ ಮಾಡಿಕೊಡುವ ಸೇವೆಯನ್ನು ಮಾರಿದ. ಒಳಗೆ ಹರಿದುಹೋಗುವ ದೂಳು ನಿಂತವರಿಗೆ ಕಾಣಲೆಂದು ಪಾರದರ್ಶಕ ಕೊಳವೆಯನ್ನೂ ಜೋಡಿಸಿದ್ದ. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿ ಸ್ವಚ್ಛ ಮಾಡುವ ಕೆಲಸ ಸಿಕ್ಕಿತು. ನಾಡೇ ನೋಡಿದ ಆ ಹಾಸಿನಿಂದ ಅವನ ಹೆಸರು ಬೆಳೆಯಿತು, ಅರಮನೆಯವರೇ ಯಂತ್ರ ತರಿಸಿಕೊಂಡರು.

ಹಂಗಾಮು ನೋಡಿ ಹೆಜ್ಜೆ

ಮದುವೆಯ ಹಂಗಾಮಿನಲ್ಲಿ ಶಾಮಿಯಾನಾದವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಅವರ ಮಾಲೆಲ್ಲ ಗೋದಾಮಿಗೆ ಮರಳುವುದು ಆಷಾಢದಲ್ಲಿ. ಆಗ ಕಪ್ಪತಗುಡ್ಡದ ಗಾಳಿಗಿರಣಿಗಳನ್ನು ತಿರುಗಿಸುವ ಪಡುವಣ ಗಾಳಿಯೂ ಜೋರಾಗಿರುತ್ತದೆ. ಮಳೆ ಬಿಡುವು ಕೊಟ್ಟ ದಿನ ತಗಡಿನ ಮಾಡಿನಡಿ ಹಾಕಿದ ಹಾಸು ಆ ಗಾಳಿಗೆ ಬೇಗ ಒಣಗುತ್ತದೆ. ಕಸುಬು ತೆರೆಯಲು ಇದು ತಕ್ಕ ಹೊತ್ತು. ಮುಂದೆ ಶ್ರಾವಣದ ಪ್ರವಚನಗಳು, ಮಾನೌಮಿ, ದೀಪಾವಳಿ ಸಾಲಾಗಿ ಬರುತ್ತವೆ. ರಮಜಾನಿಗೆ ಮುಂಚೆ ಮಸೀದಿಗಳು, ಏಪ್ರಿಲ್ ಆಸುಪಾಸಿನ ತೋಂಟದಾರ್ಯರ ಜಾತ್ರೆಗೆ ಮುಂಚೆ ಗದಗಿನ ಮನೆಗಳು, ಆಗಿ ಹುಣ್ಣಿಮೆಗೆ ಮುಂಚೆ ಶಿರಹಟ್ಟಿ. ಬೀಗರು ಬರುವ ಮುಂಚೆ ಪಡಸಾಲೆ ಚೊಕ್ಕ ಮಾಡದ ಮನೆ ನಮ್ಮಲ್ಲಿಲ್ಲ.

ಬಂಡವಾಳಕ್ಕೆ ಹೆದರಬೇಕಿಲ್ಲ. ಮುದ್ರಾ ಯೋಜನೆಯ ಶಿಶು ಹಂತದಲ್ಲಿ 50,000 ರೂಪಾಯಿವರೆಗೆ ಸಾಲವಿದೆ. ಆರಂಭದ ವ್ಯಾಕ್ಯೂಮ್, ಬ್ರಷ್ಷು, ಸಾಬೂನುಗಳಿಗೆ ಅದು ಆಸರೆ. ಹೆಚ್ಚಿನದಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯನ್ನು ವಿಚಾರಿಸಬೇಕು. ಗದಗಿನ ಮಗ್ಗುಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಅವರ ಕೈಯಲ್ಲಿದ್ದ ದೊಡ್ಡ ಬಂಡವಾಳ ಒಬ್ಬರಿಗೊಬ್ಬರ ಮೇಲಿನ ನಂಬಿಕೆ. ಈ ಕಸುಬಿಗೂ ಅದೇ ಬೇಕು. ಮಾಲು ಒಯ್ಯುವಾಗ ಅಳತೆ, ಹಳೆಯ ಕಲೆ, ಹರಕು ಎಲ್ಲವನ್ನೂ ಬರೆದ ರಸೀದಿ ಕೊಡಿ. ಪ್ರತಿ ಹಾಸಿಗೂ ನಂಬರಿನ ಬಟ್ಟೆಚೀಟಿ ಹೊಲಿಯಿರಿ. ದರವನ್ನು ಚದರ ಅಡಿಯ ಲೆಕ್ಕದಲ್ಲಿ ಮೊದಲೇ ಹೇಳಿ. ಹೇಳಿದ ದಿನ ತಂದು ಹಾಸಿ ಕೊಡಿ.

ಮೊದಲ ವರ್ಷ ಎಷ್ಟು ಗಿರಾಕಿಗಳು ಬಂದರು ಎನ್ನುವುದಕ್ಕಿಂತ ಅವರಲ್ಲಿ ಎಷ್ಟು ಮಂದಿ ಮುಂದಿನ ಮಾನೌಮಿಗೆ ತಾವಾಗಿ ಫೋನು ಮಾಡಿದರು ಎಂದು ಎಣಿಸಬೇಕು. ಮಠದ ಸಭಾಂಗಣ, ಮಸೀದಿಯ ಅಂಗಳ, ಮದುವೆಯ ಮಂಟಪ ಮೂರನ್ನೂ ವರ್ಷಕ್ಕೆರಡು ಸಲ ಚೊಕ್ಕಟವಾಗಿ ನೋಡಿಕೊಂಡವನಿಗೆ ಈ ನಾಲ್ಕೂ ಊರುಗಳಲ್ಲಿ ಕೆಲಸಕ್ಕೆ ಕೊರತೆಯಾಗದು. ನೆಲದ ಮೇಲೆ ಸಮನಾಗಿ ಕೂರುವ ರೂಢಿಯನ್ನು ಇಷ್ಟು ದಿನ ಉಳಿಸಿಕೊಂಡು ಬಂದ ಜನ, ಆ ನೆಲದ ಹಾಸನ್ನು ಕಾಪಾಡುವವರಿಗೆ ತಕ್ಕ ದುಡಿಮೆಯನ್ನೂ ತಕ್ಕ ಗೌರವವನ್ನೂ ಕೊಡಬೇಕು.