ಬೆಳಕು ಬಿದ್ರ ಬಿಚ್ಚೋ ಮದ್ದು

ನವಲಗುಂದದ ಎರಿ ಹೊಲದಾಗ ಕಳೆ ತಗಿಯೋವಾಗ ಕುರ್ಪಿ ಬಡದು ಕಾಲಿಗೆ ಗಾಯ ಆತು. ಅರಿಶಿಣ ಹಚ್ಚಿದ್ರು, ಬಟ್ಟಿ ಕಟ್ಟಿದ್ರು. ವಾರ ಆದ್ರೂ ಮಾಯವಲ್ದು, ಕೀವು ತುಂಬೈತಿ. ಯಾಕ್ರಿ?

ಗಾಯದಾಗಿನ ಬ್ಯಾಕ್ಟೀರಿಯಾ ತಮ್ಮ ಸುತ್ತ ಲೋಳಿ ಪದರ ಕಟ್ಕೊಂಡು ಕುಂತಿರ್ತಾವ. ಅದಕ್ಕ ಬಯೋಫಿಲ್ಮ್ ಅಂತಾರ. ಅದರೊಳಗ ಆ್ಯಂಟಿಬಯೋಟಿಕ್ ಸರಿಯಾಗಿ ನಾಟಂಗಿಲ್ಲ.

ಈ ಪದರ ಒಡಿಯಾಕ ಒಂದು ಅನಿಲ ಐತಿ: ನೈಟ್ರಿಕ್ ಆಕ್ಸೈಡ್. ನಮ್ಮ ಮೈಯಾಗೂ ಹುಟ್ಟತೈತಿ, ರಕ್ತನಾಳ ಸಡಿಲ ಮಾಡತೈತಿ. ಅದನ್ನ ತೋರಿಸಿದ ಮೂವರಿಗೆ 1998ರಾಗ ನೊಬೆಲ್ ಬಂತು. ಪ್ರಮಾಣ ಹೆಚ್ಚಾದ್ರ ಬ್ಯಾಕ್ಟೀರಿಯಾದ ಡಿಎನ್‌ಎ, ಪ್ರೋಟೀನು ಕೆಡಸತೈತಿ.

ಆದ್ರ ಮೈಯಾಗ ಇದರ ಆಯುಷ್ಯ ಕೆಲವೇ ಸೆಕೆಂಡು. ಅದಕ್ಕ ವಿಜ್ಞಾನಿಗಳು ಇದನ್ನ ಅಣುವಿನಾಗ ಗಂಟು ಹಾಕಿ ಇಡ್ತಾರ. ಗಾಯದ ಮ್ಯಾಲೆ ಬೆಳಕು ಬಿಟ್ರ ಗಂಟು ಬಿಚ್ಚತೈತಿ, ಅನಿಲ ಅಲ್ಲೇ ಹೊರಗ ಬರತೈತಿ.

ಬೆಳಕಿಗೆ ಬಿಚ್ಚೋ ಇಂಥಾ ಅಣು ಆಸ್ಪತ್ರ್ಯಾಗ ಈಗಾಗ್ಲೇ ಐತಿ: ಐಸಿಯುದಾಗ ಬಿಪಿ ಇಳಿಸೋ ನೈಟ್ರೋಪ್ರಸೈಡ್ ಮದ್ದಿನ ಬಾಟ್ಲಿಗೆ ಬೆಳಕು ತಾಗದಂಗ ಫಾಯಿಲ್ ಸುತ್ತಿರ್ತಾರ. ಬೆಳಕಿಗೆ ಆ ಅಣು ಒಡದು ಇದೇ ಅನಿಲ ಬಿಡತೈತಿ!

ಗಾಯಕ್ಕ ಹಚ್ಚೋ ಬೆಳಕಿನ ಮದ್ದು ಇನ್ನೂ ಪ್ರಯೋಗದಾಗ ಐತಿ. ಅಲ್ಲಿತನಕ ಗಾಯ ಸಾಬೂನು ನೀರಿಲೆ ತೊಳೀರಿ, ಟಿಟಿ ಇಂಜೆಕ್ಷನ್ ಬೇಕೇನು ಕೇಳ್ರಿ. ಶುಗರ್ ಇದ್ರ ಡಾಕ್ಟರ ಕಡೆ ಹೋಗಾಕ ಒಂದು ದಿನಾನೂ ತಡ ಮಾಡಬ್ಯಾಡ್ರಿ. ಡಾಕ್ಟರು ಬರದುಕೊಟ್ಟ ಗುಳಿಗಿ ನಡುವ ಬಿಡಬ್ಯಾಡ್ರಿ.