ಆ್ಯಪ್ ಕಟ್ಟಿದವರ ಹೊಣೆ

ಮಕ್ಕಳಿಗೆ ಹಾನಿಯಾಗಿದೆ ಎಂದು ಮೆಟಾ, ಸ್ನ್ಯಾಪ್, ಟಿಕ್‌ಟಾಕ್, ಯೂಟ್ಯೂಬ್‌ಗಳ ಮೇಲೆ ಅಮೆರಿಕದ ಕೋರ್ಟುಗಳಲ್ಲಿ ಸಾವಿರಾರು ದಾವೆಗಳು ಬಂದು ಬಿದ್ದಿವೆ. ದಾವೆ ಹೂಡಿದವರಲ್ಲಿ ಕುಟುಂಬಗಳಿವೆ, ಶಾಲಾ ಆಡಳಿತಗಳಿವೆ, ರಾಜ್ಯ ಸರ್ಕಾರಗಳೂ ಇವೆ. ಸಿಟ್ಟು ಹೊಸದೇನಲ್ಲ; ಅದಕ್ಕೆ ಕೋರ್ಟಿನೊಳಗೆ ಕಾಲಿಡಲು ದಾರಿ ಸಿಕ್ಕಿದ್ದು ಮಾತ್ರ ಇತ್ತೀಚೆಗೆ. 1996ರಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾನೂನಿನ 230ನೇ ಸೆಕ್ಷನ್, ಬಳಕೆದಾರರು ಹಾಕಿದ ಬರಹ-ಚಿತ್ರಗಳಿಗೆ ಜಾಲತಾಣವನ್ನು ಪ್ರಕಾಶಕನಂತೆ ಹೊಣೆ ಮಾಡಬಾರದು ಎನ್ನುತ್ತದೆ. ಇಂಟರ್ನೆಟ್ ಇನ್ನೂ ಕೂಸಾಗಿದ್ದಾಗ ಕೊಟ್ಟ ಈ ರಕ್ಷಣೆ, ಕಂಪನಿಗಳು ಬೆಳೆದು ದೈತ್ಯರಾದ ಮೇಲೂ ಉಳಿಯಿತು. ಹದಿಮೂರರ ಹುಡುಗಿಯೊಬ್ಬಳು ವಯಸ್ಸು 18 ಎಂದು ನಮೂದಿಸಿ ಮೈಸ್ಪೇಸ್ ಎಂಬ ಜಾಲತಾಣದಲ್ಲಿ ಖಾತೆ ತೆರೆದಿದ್ದಳು. ಮುಂದೆ, ಅಲ್ಲಿ ಪರಿಚಯವಾದವನಿಂದ ದೌರ್ಜನ್ಯಕ್ಕೆ ಒಳಗಾದಳು. ವಯಸ್ಸು ಪರೀಕ್ಷಿಸದೆ ಖಾತೆ ಕೊಟ್ಟಿದ್ದು ಕಂಪನಿಯ ತಪ್ಪೆಂದು ಮನೆಯವರು ವಾದಿಸಿದರು. ವಾದ ಬೇರೆ ರೂಪದಲ್ಲಿದ್ದರೂ ದೂರು ಕೊನೆಗೆ ಬಳಕೆದಾರರ ಮಾತುಕತೆಯ ಬಗ್ಗೆಯೇ ಎಂದ ಮೇಲ್ಮನವಿ ನ್ಯಾಯಾಲಯ 2008ರಲ್ಲಿ ದಾವೆಯನ್ನು ತಳ್ಳಿಹಾಕಿತು.

ಖಾಸಗಿತನದ ಕಡೆಯಿಂದ ಬರೋಣವೆಂದರೆ ಅಲ್ಲಿಯೂ ಅಡ್ಡಿಯಿತ್ತು. ಹದಿಮೂರಕ್ಕಿಂತ ಚಿಕ್ಕ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಕಲೆಹಾಕಬಾರದೆಂಬ ಕಾಯ್ದೆ 1998ರಲ್ಲೇ ಬಂದಿತ್ತು. ಆದರೆ ಅದರಡಿ ಕೇಸು ಹಾಕುವ ಅಧಿಕಾರವಿದ್ದದ್ದು ಫೆಡರಲ್ ಟ್ರೇಡ್ ಕಮಿಷನ್‌ಗೆ ಮತ್ತು ರಾಜ್ಯಗಳ ಅಟಾರ್ನಿ ಜನರಲ್‌ಗಳಿಗೆ; ಪೋಷಕರಿಗಲ್ಲ. 2019ರಲ್ಲಿ ಯೂಟ್ಯೂಬ್ 17 ಕೋಟಿ ಡಾಲರ್ ಕಟ್ಟಿ ಸರ್ಕಾರದೊಂದಿಗೆ ರಾಜಿಯಾಯಿತು. ಮಕ್ಕಳ ಮಾಹಿತಿ ಯಾರ ಮನೆಯದೋ, ದಂಡದ ಹಣ ಇನ್ಯಾರ ಕೈಗೋ.

ದಾರಿ ತೆರೆದದ್ದು ಮಕ್ಕಳ ಚಟಕ್ಕಾಗಲೀ ಖಾಸಗಿತನಕ್ಕಾಗಲೀ ಸಂಬಂಧವಿಲ್ಲದ ಒಂದು ಕಾರು ಅಪಘಾತ. ಸ್ನ್ಯಾಪ್‌ಚಾಟ್‌ನಲ್ಲಿ, ತೆಗೆದ ಚಿತ್ರದ ಮೇಲೆ ಆ ಕ್ಷಣದ ವೇಗವನ್ನು ಮೂಡಿಸುವ ಒಂದು ಫಿಲ್ಟರ್ ಇತ್ತು. 2017ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಗಂಟೆಗೆ ನೂರು ಮೈಲಿ ದಾಟಿ ಓಡುತ್ತಿದ್ದ ಕಾರು ಮರಕ್ಕೆ ಬಡಿದು ಮೂವರು ಹುಡುಗರು ಸತ್ತರು. ಅದಕ್ಕೆ ಸ್ವಲ್ಪ ಮೊದಲು ಅವರಲ್ಲೊಬ್ಬ ಆ ಫಿಲ್ಟರ್ ತೆರೆದಿದ್ದ. ಅಲ್ಲಿ ಯಾರ ಬರಹವನ್ನೂ ಯಾರೂ ದೂರಲಿಲ್ಲ. ವೇಗವನ್ನು ಪಂದ್ಯದ ಅಂಕದಂತೆ ತೋರಿಸುವ ಸಾಧನವನ್ನು ಹುಡುಗರ ಕೈಗಿಟ್ಟದ್ದು ವಿನ್ಯಾಸದ ನಿರ್ಲಕ್ಷ್ಯ ಎಂದಷ್ಟೇ ಹೆತ್ತವರು ಹೇಳಿದರು. 2021ರ ಮೇ ತಿಂಗಳಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಿ, ಇಂಥ ದೂರಿಗೆ 230ನೇ ಸೆಕ್ಷನ್ ಅಡ್ಡಬರದು ಎಂದಿತು. ಮುಂದೆ ನಡೆದ ಸಾಮೂಹಿಕ ಹೋರಾಟವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ, ಅಂದರೆ ಜಾಲತಾಣದಲ್ಲಿ ಯಾರು ಏನು ಹೇಳಿದರು ಎಂಬುದನ್ನು ಬದಿಗಿಟ್ಟು ಅದನ್ನು ಹೇಗೆ ಕಟ್ಟಲಾಗಿದೆ ಎಂದು ಕೇಳುವುದರ ಮೇಲೆ. ಆ ಪ್ರಶ್ನೆ ಹೊಳೆಯದಿದ್ದರೆ ಎಷ್ಟು ಸಾವಿರ ಕುಟುಂಬಗಳು ಒಟ್ಟಾದರೂ ಸೋಲು ಸೋಲೇ ಆಗಿರುತ್ತಿತ್ತು.

ಅದೇ ವರ್ಷದ ಶರತ್ಕಾಲದಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರತಂದ ಒಳದಾಖಲೆಗಳು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಅಚ್ಚಾದವು. ಇನ್‌ಸ್ಟಾಗ್ರಾಂ ಹದಿಹರೆಯದ ಹುಡುಗಿಯರ ಮೇಲೆ ಏನು ಪರಿಣಾಮ ಮಾಡುತ್ತಿದೆ ಎಂಬುದನ್ನು ಕಂಪನಿಯೇ ಅಧ್ಯಯನ ಮಾಡಿತ್ತು ಎಂಬುದು ಬಯಲಾಯಿತು. ತನ್ನ ಅಧ್ಯಯನವನ್ನು ತಿರುಚಿ ಓದಲಾಗಿದೆ ಎಂದು ಕಂಪನಿ ಹೇಳಿತು. ಆದರೆ ತಯಾರಕರ ಹೊಣೆಯ ಮೊಕದ್ದಮೆಯಲ್ಲಿ ಅವರಿಗೆ ಮೊದಲೇ ಗೊತ್ತಿತ್ತೇ ಎಂಬ ಪ್ರಶ್ನೆಗೆ ತೂಕ ಹೆಚ್ಚು. 2022ರ ಅಕ್ಟೋಬರ್‌ನಲ್ಲಿ ದೇಶದ ಬೇರೆಬೇರೆ ಫೆಡರಲ್ ಕೋರ್ಟುಗಳ ದಾವೆಗಳನ್ನು ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಇವಾನ್ ಗೊನ್ಜಾಲೆಜ್ ರೋಜರ್ಸ್ ಮುಂದೆ ಒಟ್ಟುಗೂಡಿಸಲಾಯಿತು. ಈ ಏರ್ಪಾಡಿನಲ್ಲಿ ಪ್ರತಿ ಮಗುವಿನ ಕೇಸೂ ಪ್ರತ್ಯೇಕವಾಗಿಯೇ ಉಳಿಯುತ್ತದೆ. ಸಾಕ್ಷ್ಯ ಕಲೆಹಾಕುವ ಕೆಲಸ ಮಾತ್ರ ಒಂದೇ ಸಲ ಎಲ್ಲರ ಪರವಾಗಿ ನಡೆಯುತ್ತದೆ. ಒಂದು ಕುಟುಂಬದ ವಕೀಲ ದೈತ್ಯ ಕಂಪನಿಯಿಂದ ಲಕ್ಷಾಂತರ ಪುಟ ತರಿಸಿ ಓದುವುದು ಆಗದ ಮಾತು. 2023ರ ಜನವರಿಯಲ್ಲಿ ಸಿಯಾಟಲ್‌ನ ಸರ್ಕಾರಿ ಶಾಲೆಗಳ ಆಡಳಿತ ದಾವೆ ಹೂಡಿತು. ಅಕ್ಟೋಬರ್‌ನಲ್ಲಿ ನಲವತ್ತಕ್ಕೂ ಹೆಚ್ಚು ರಾಜ್ಯಗಳು ಮೆಟಾ ವಿರುದ್ಧ ಕೋರ್ಟಿಗೆ ಹೋದವು. ನವೆಂಬರ್‌ನಲ್ಲಿ ನ್ಯಾಯಾಧೀಶೆಯ ಆದೇಶ ಬಂತು. ಪೋಷಕರಿಗೆ ಸರಿಯಾದ ನಿಯಂತ್ರಣ ಇಲ್ಲದಿರುವುದು, ವಯಸ್ಸಿನ ಪರೀಕ್ಷೆ ದುರ್ಬಲವಾಗಿರುವುದು, ಖಾತೆ ಅಳಿಸುವುದನ್ನು ಕಷ್ಟಮಾಡಿರುವುದು—ಇಂಥ ದೂರುಗಳು ಉಳಿದವು. ಕೊನೆಯೇ ಇಲ್ಲದ ಫೀಡ್, ಹಿಡಿದಿಟ್ಟುಕೊಳ್ಳುವ ಅಲ್ಗಾರಿದಂ ಇವು ವಿನ್ಯಾಸದ ದೋಷ ಎಂಬ ದೂರಿಗೆ ಹಳೆಯ ಸೆಕ್ಷನ್ನೇ ತಡೆಯಾಯಿತು. ಮನೆಮನೆಯಲ್ಲೂ ಜನ ಬಯ್ಯುವುದು ಇವನ್ನೇ ಎಂಬುದನ್ನು ನೆನೆದರೆ ಇದು ಅರ್ಧ ಗೆಲುವು.

ಮಗುವಿನ ಕೈಗೆ ಫೋನು ಕೊಟ್ಟವರು ಹೆತ್ತವರು, ಕಂಪನಿಯನ್ನು ದೂರುವುದೇಕೆ ಎಂಬುದು ಎಲ್ಲರಿಗೂ ಹೊಳೆಯುವ ಆಕ್ಷೇಪ. ಹೆತ್ತವರಿಗೆ ಹೊಣೆಯಿದೆ, ನಿಜ. ಆದರೆ ಕೋರ್ಟಿನಲ್ಲಿ ಉಳಿದ ದೂರೇ ಆ ಹೊಣೆ ನಿಭಾಯಿಸುವ ಸಲಕರಣೆಯನ್ನು ಅವರಿಗೆ ಕೊಟ್ಟಿಲ್ಲ ಎಂಬುದು. ವಿಜ್ಞಾನದ ಆಕ್ಷೇಪ ಇದಕ್ಕಿಂತ ಗಟ್ಟಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಇವು ಮಕ್ಕಳಿಗೆ ಸಾಕಷ್ಟು ಸುರಕ್ಷಿತ ಎನ್ನಲು ಆಧಾರವಿಲ್ಲ ಎಂದು ಎಚ್ಚರಿಸಿದರು. ಮರುವರ್ಷ ಸಿಗರೇಟಿನ ಮೇಲಿರುವಂಥ ಎಚ್ಚರಿಕೆ ಬೇಕೆಂದರು. ಆದರೆ 2023ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿ, ಹದಿಹರೆಯದವರ ಆರೋಗ್ಯದಲ್ಲಿನ ಬದಲಾವಣೆಗೆ ಸೋಷಿಯಲ್ ಮೀಡಿಯಾವೇ ಕಾರಣ ಎಂದು ಇಡೀ ಜನಸಮೂಹದ ಮಟ್ಟದಲ್ಲಿ ಹೇಳಲು ಪುರಾವೆ ಸಾಲದು ಎಂದಿತು. ಎರಡನ್ನೂ ಒಪ್ಪಬಹುದು. ಸರಾಸರಿಯಲ್ಲಿ ಕಾಣದ ಹಾನಿ ಒಂದು ಮಗುವಿನ ಬದುಕಿನಲ್ಲಿ ಇರಲು ಸಾಧ್ಯ. ಜ್ಯೂರಿಯ ಮುಂದೆ ಬರುವುದು ಆ ಒಂದು ಮಗುವಿನ ಕೇಸು, ಅದನ್ನು ಸಾಬೀತುಮಾಡುವ ಭಾರವೂ ಫಿರ್ಯಾದಿಯದೇ. ನನಗೆ ಹೆಚ್ಚು ಅಳುಕು ಹುಟ್ಟಿಸುವುದು ಬೇರೆ ಮಾತು: ವಯಸ್ಸು ಪರೀಕ್ಷಿಸಿ ಎಂದು ಹಠಹಿಡಿದರೆ, ಮಕ್ಕಳ ಖಾಸಗಿತನ ಕಾಯಲು ಹೋಗಿ ಎಲ್ಲರ ಗುರುತಿನ ಚೀಟಿಯನ್ನೂ ಅದೇ ಕಂಪನಿಗಳಿಗೆ ಒಪ್ಪಿಸಿದಂತಾಗುತ್ತದೆ. ಇದಕ್ಕೆ ದಾವೆಗಳಲ್ಲಿ ಸಮಾಧಾನಕರ ಉತ್ತರ ಕಾಣುವುದಿಲ್ಲ.

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕಾದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕಾಗದದ ಮೇಲೆ ಅಮೆರಿಕದ್ದಕ್ಕಿಂತ ಬಿಗಿ: 18ರ ಒಳಗಿನ ಎಲ್ಲರೂ ಮಕ್ಕಳೇ, ಅವರ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ, ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಇದು ಸಣ್ಣ ಮಾತಲ್ಲ. ಡಚ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾತ್ರ ಸೂಚನೆ ಕೊಟ್ಟ ಟಿಕ್‌ಟಾಕ್‌ಗೆ ನೆದರ್ಲೆಂಡ್ಸ್ 2021ರಲ್ಲಿ 7.5 ಲಕ್ಷ ಯೂರೊ ದಂಡ ಹಾಕಿತ್ತು. ಆದರೆ ನಮ್ಮ ದಂಡ ಪೂರ್ತಿಯಾಗಿ ಕೇಂದ್ರದ ಸಂಚಿತ ನಿಧಿಗೆ ಹೋಗುತ್ತದೆ. ಕಾಯ್ದೆಯ ಜಾರಿಗೆಂದು ರಚಿಸುವ ದತ್ತಾಂಶ ರಕ್ಷಣಾ ಮಂಡಳಿಯ ವ್ಯಾಪ್ತಿಯ ವಿಷಯಗಳನ್ನು ಸಿವಿಲ್ ಕೋರ್ಟಿಗೆ ಒಯ್ಯುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಪರಿಹಾರ ಕೇಳಲು ಇದ್ದ 43ಎ ಸೆಕ್ಷನ್ನನ್ನೂ ಇದೇ ಕಾಯ್ದೆ ಕೈಬಿಡುತ್ತದೆ. ಹೆತ್ತವರು ಗುಂಪಾಗಿ ಹೋಗಲು ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅನೇಕರ ಪರವಾಗಿ ಒಬ್ಬರು ದೂರು ಕೊಡುವ ಅವಕಾಶವೂ ತಯಾರಕರ ಹೊಣೆಯ ಅಧ್ಯಾಯವೂ ಅದರಲ್ಲಿವೆ. ತೊಡಕಿರುವುದು ವ್ಯಾಖ್ಯೆಯಲ್ಲಿ: ಆ ಕಾಯ್ದೆಯ ಪ್ರಕಾರ ಉತ್ಪನ್ನವೆಂದರೆ ಅನಿಲ, ದ್ರವ ಅಥವಾ ಘನ ರೂಪದ ವಸ್ತು, ಗ್ರಾಹಕನೆಂದರೆ ಪ್ರತಿಫಲ ಕೊಟ್ಟವನು ಅಥವಾ ಕೊಡಲು ಒಪ್ಪಿದವನು. ಆ್ಯಪ್ ಈ ಮೂರರಲ್ಲಿ ಯಾವುದು, ಮಗು ಕೊಟ್ಟ ಮಾಹಿತಿ ಪ್ರತಿಫಲ ಹೌದೇ ಎಂದು ಗ್ರಾಹಕ ಆಯೋಗದ ಮುಂದೆ ನಿಂತು ವಾದಿಸಲು ಒಬ್ಬ ವಕೀಲ ಬೇಕು.